ಅರ್ಜಿ ಮೊದಲು, ರೀಲ್ ಆಮೇಲೆ: ಪೇಟೆಂಟ್‌ನ ಮೊದಲ ಪಾಠ

ಏನಾದರೂ ಹೊಸದು ಮಾಡಿರೋರಿಗೆ, ಮಾಡ್ಬೇಕು ಅಂತ ಹೊರಟಿರೋರಿಗೆ ಇವತ್ತಿನ ಸಂಚಿಕೆ. ವಿಷಯ ಪೇಟೆಂಟ್.

ಒಂದು ಉದಾಹರಣೆ ಇಟ್ಕೊಳ್ಳೋಣ. ನೀವು ಶಿರಸಿ ಕಡೆಯವರು, ಎಂಜಿನಿಯರಿಂಗ್ ಓದ್ತಿದ್ದೀರಿ. ಅಡಿಕೆ ಸುಲಿಯೋ ಯಂತ್ರಕ್ಕೆ ಹೊಸ ಬಗೆಯ ರೋಲರ್ ಮಾಡಿದ್ದೀರಿ. ಕಾಯಿ ಚಿಕ್ಕದಿರಲಿ, ದೊಡ್ಡದಿರಲಿ, ಅದು ತಾನೇ ಹೊಂದಿಕೊಳ್ಳುತ್ತೆ. ಖುಷಿಯಲ್ಲಿ ಒಳಗಿನ ಭಾಗವನ್ನೆಲ್ಲ ಬಿಚ್ಚಿ ತೋರಿಸಿ ರೀಲ್ ಹಾಕ್ತೀರಿ. ಮೂರು ತಿಂಗಳ ನಂತರ ಪೇಟೆಂಟ್‌ಗೆ ಅರ್ಜಿ ಹಾಕಿದರೆ ಏನಾಗುತ್ತೆ? ಪರೀಕ್ಷಕರು ನಿಮ್ಮ ರೀಲನ್ನೇ ಮುಂದಿಟ್ಟು, 'ಇದು ಆಗಲೇ ಬಹಿರಂಗ ಆಗಿದೆ, ಹೊಸದಲ್ಲ' ಅನ್ನಬಹುದು!

ಅನ್ಯಾಯ ಅನಿಸುತ್ತಾ? ಆದರೆ ಇದೇ ನಿಯಮ ನಮ್ಮ ಅರಿಶಿನವನ್ನು ಕಾಪಾಡಿದ್ದು. ಗಾಯ ವಾಸಿಮಾಡಲು ಅರಿಶಿನ ಬಳಸೋ ವಿಧಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. ಇದು ಭಾರತದಲ್ಲಿ ಹಿಂದಿನಿಂದ ಗೊತ್ತಿರೋ ವಿಷಯ ಅಂತ ಹಳೆಯ ಗ್ರಂಥ, ಲೇಖನಗಳ ಪುರಾವೆ ಕೊಟ್ಟಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಲೋಕಕ್ಕೆ ಆಗಲೇ ಗೊತ್ತಿರೋದನ್ನು ಯಾರೂ ತಮ್ಮದು ಅನ್ನುವಂತಿಲ್ಲ. ಆ ಮಾತು ನಿಮ್ಮ ರೀಲ್‌ಗೂ ಅನ್ವಯಿಸುತ್ತೆ.

ಹಾಗಾದರೆ ಪೇಟೆಂಟ್ ಅಂದ್ರೆ ಏನು? ಅದೊಂದು ಕೊಡು-ಕೊಳ್ಳುವ ವ್ಯವಹಾರ. ನಿಮ್ಮ ಆವಿಷ್ಕಾರ ಹೇಗೆ ಕೆಲಸ ಮಾಡುತ್ತೆ ಅಂತ ನೀವು ಪೂರ್ತಿ ಬರೆದುಕೊಡ್ತೀರಿ. ಬದಲಿಗೆ, ಅರ್ಜಿ ಹಾಕಿದ ದಿನದಿಂದ 20 ವರ್ಷದವರೆಗೆ ನಿಮ್ಮ ಅನುಮತಿಯಿಲ್ಲದೆ ಬೇರೆಯವರು ಅದನ್ನು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕನ್ನು ಸರ್ಕಾರ ಕೊಡುತ್ತೆ. ಆದರೆ ಭಾರತದ ಪೇಟೆಂಟ್ ಭಾರತದೊಳಗೆ ಮಾತ್ರ. ಬೇರೆ ದೇಶದಲ್ಲಿ ಬೇಕಂದ್ರೆ ಅಲ್ಲಿಗೂ ಅರ್ಜಿ ಹಾಕಬೇಕು.

ಪೇಟೆಂಟ್ ಸಿಗೋಕೆ ಮೂರು ಪರೀಕ್ಷೆ. ಒಂದು, ಅದು ಜಗತ್ತಿನಲ್ಲಿ ಎಲ್ಲೂ ಮೊದಲೇ ಪ್ರಕಟ ಆಗಿರಬಾರದು. ಎರಡು, ಆ ಕ್ಷೇತ್ರ ಬಲ್ಲವರಿಗೆ 'ಓ, ಇಷ್ಟೇನಾ' ಅಂತ ಸಲೀಸಾಗಿ ಹೊಳೆಯುವಂಥದ್ದು ಆಗಿರಬಾರದು. ಮೂರು, ಉದ್ಯಮದಲ್ಲಿ ತಯಾರಿಸಲು ಅಥವಾ ಬಳಸಲು ಬರಬೇಕು. ಜೊತೆಗೆ, 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಕೆಲವನ್ನು ಹೊರಗಿಟ್ಟಿದೆ. ಬೇಸಾಯದ ವಿಧಾನ, ಗಣಿತದ ಸೂತ್ರ, ವ್ಯಾಪಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ ಇವಕ್ಕೆಲ್ಲ ಪೇಟೆಂಟ್ ಇಲ್ಲ. 'ಆ್ಯಪ್ ಐಡಿಯಾ ಇದೆ, ಪೇಟೆಂಟ್ ಮಾಡಿಸ್ತೀನಿ' ಅನ್ನೋರು ಇದನ್ನು ಮೊದಲು ಓದಿ.

ಈಗ ಮೊದಲ ಹೆಜ್ಜೆ: ಹುಡುಕಾಟ. ಗೂಗಲ್ ಪೇಟೆಂಟ್ಸ್ ಮತ್ತು ಭಾರತದ ಪೇಟೆಂಟ್ ಕಚೇರಿಯ ಇನ್‌ಪಾಸ್, ಎರಡರಲ್ಲೂ ಉಚಿತವಾಗಿ ಹುಡುಕಬಹುದು. ನಿಮ್ಮಂಥದ್ದೇ ಸಿಕ್ಕರೆ ಬೇಜಾರಾಗ್ಬೇಡಿ. ನಿಮ್ಮದು ಎಲ್ಲಿ ಬೇರೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಎರಡನೇ ಹೆಜ್ಜೆ: ತಾತ್ಕಾಲಿಕ ಅರ್ಜಿ. ಕೆಲಸ ಇನ್ನೂ ಪೂರ್ತಿ ಆಗಿಲ್ಲ ಅಂದ್ರೂ ಪ್ರಾವಿಷನಲ್ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಳ್ಳಬಹುದು. ಆಮೇಲೆ 12 ತಿಂಗಳೊಳಗೆ ಸಂಪೂರ್ಣ ವಿವರಣೆ ಕೊಡಬೇಕು. ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ನೆನಪಿಡಿ, ತಾತ್ಕಾಲಿಕ ಅರ್ಜಿಯಲ್ಲಿ ಬರೆಯದ ಅಂಶಕ್ಕೆ ಆ ದಿನಾಂಕ ಸಿಗಲ್ಲ. ಹಾಗಾಗಿ ಎರಡು ಸಾಲು ಗೀಚಿ ಕಳಿಸಿದರೆ ಉಪಯೋಗವಿಲ್ಲ.

ಖರ್ಚು? ವ್ಯಕ್ತಿಯಾಗಿ ಆನ್‌ಲೈನ್‌ನಲ್ಲಿ ಹಾಕಿದರೆ ಅರ್ಜಿ ಶುಲ್ಕ 1,600 ರೂಪಾಯಿಯಿಂದ ಶುರು. ಪರೀಕ್ಷೆಗೆ ಬೇರೆಯಾಗಿ ಕೋರಿಕೆ ಸಲ್ಲಿಸಬೇಕು, ಅದಕ್ಕೆ 4,000 ರೂಪಾಯಿ. ಅದನ್ನು ಮರೆತರೆ ಅರ್ಜಿ ಮುಂದಕ್ಕೇ ಹೋಗಲ್ಲ. ಈಗಿನ ನಿಯಮದಲ್ಲಿ ಗಡುವು 31 ತಿಂಗಳು. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ನೀವೇ ಅರ್ಜಿ ಹಾಕಬಹುದು. ಆದರೆ ಕ್ಲೇಮ್ಸ್ ಬರೆಯುವಾಗ ನೋಂದಾಯಿತ ಪೇಟೆಂಟ್ ಏಜೆಂಟರ ಸಹಾಯ ಪಡೆಯೋದು ಒಳ್ಳೇದು, ಅವರ ಶುಲ್ಕ ಬೇರೆ. ಯಾಕಂದ್ರೆ ನಿಮ್ಮ ಹಕ್ಕಿನ ಬೇಲಿ ಇರೋದೇ ಕ್ಲೇಮ್ಸ್‌ನಲ್ಲಿ. 'ರಬ್ಬರ್ ರೋಲರ್' ಅಂತ ಮಾತ್ರ ಬರೆದರೆ, ಪಕ್ಕದವರು ನೈಲಾನ್ ರೋಲರ್ ಹಾಕಿ ಬೇಲಿ ದಾಟಬಹುದು.

ಕಾಲೇಜು ಪ್ರದರ್ಶನ ನಾಳೆಯೇ ಇದ್ದರೆ? ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನದಂಥ ಕೆಲವೇ ಸಂದರ್ಭಗಳಿಗೆ 12 ತಿಂಗಳ ವಿನಾಯಿತಿ ಇದೆ. ಅದನ್ನು ನಂಬಿ ಕೂರಬೇಡಿ. ಯಂತ್ರ ಏನು ಮಾಡುತ್ತೆ ಅಂತ ತೋರಿಸಿ, ಹೇಗೆ ಮಾಡುತ್ತೆ ಅನ್ನೋದನ್ನು ಮುಚ್ಚಿಡಿ. ವರ್ಕ್‌ಶಾಪ್‌ನವರಿಗೆ, ಹೂಡಿಕೆದಾರರಿಗೆ ಒಳಗುಟ್ಟು ಹೇಳಲೇಬೇಕಿದ್ದರೆ ಮೊದಲು ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ.

ಅರ್ಜಿ ಸಂಖ್ಯೆ ಕೈಗೆ ಬಂದ ಮೇಲೆ ರೀಲ್ ಧಾರಾಳವಾಗಿ ಹಾಕಿ. ನಿಮ್ಮ ಗೆಳೆಯರಲ್ಲಿ ಯಾರಾದರೂ ಏನಾದರೂ ಕಟ್ಟುತ್ತಾ ಇದ್ದರೆ, ಅವರು ಅಪ್‌ಲೋಡ್ ಒತ್ತುವ ಮೊದಲೇ ಈ ಸಂಚಿಕೆ ಕಳಿಸಿ.