ಕಲೆಯೂ ಅದೇ, ಕಲ್ಲೂ ಅದೇ

ಬೋರ್‌ವೆಲ್ ನೀರು ಬರುವ ಮನೆಯಲ್ಲಿ ಮಾರ್ಬಲ್ ವಾಷ್ ಬೇಸಿನ್ ಕೂರಿಸಿದ ಕೆಲವೇ ತಿಂಗಳಲ್ಲಿ ನಲ್ಲಿಯ ಬುಡದಲ್ಲಿ ಬಿಳಿಯಾಗಿ ಉಪ್ಪು ಕಟ್ಟಲು ಶುರುವಾಗುತ್ತದೆ. ಸಾಬೂನು ಹಾಕಿ ಉಜ್ಜಿದರೂ ಜಗ್ಗುವುದಿಲ್ಲ. ಆಗ ಕೈ ಹೋಗುವುದು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಾಟಲಿಗೆ. ಸುರಿದ ತಕ್ಷಣ ಬುಸುಬುಸು ನೊರೆ ಬರುತ್ತದೆ, ಕಲೆ ಮಾಯವಾಗುತ್ತದೆ. ಒರೆಸಿ ನೋಡಿದರೆ ಕಲ್ಲಿನ ಹೊಳಪೂ ಮಾಯ.

ನಾವು ಉಪ್ಪು ಎಂದು ಕರೆಯುವ ಆ ಪೊರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ, ಬಂಡೆ–ಮಣ್ಣುಗಳ ಕ್ಯಾಲ್ಸಿಯಂ ಅನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಬೇಸಿನ್ನಿನ ಮೇಲೆ ನಿಂತ ಹನಿಯಿಂದ ಆ ಅನಿಲ ಹಾರಿಹೋಗಿ ನೀರು ಆರಿದರೆ ಕಾರ್ಬೊನೇಟ್ ಅಲ್ಲೇ ಉಳಿಯುತ್ತದೆ. ಆಂಧ್ರದ ಬೊರ್ರಾ ಗುಹೆಗಳಲ್ಲಿ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೊಂಬುಗಳು ಬೆಳೆದದ್ದೂ ಹೀಗೆಯೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ನಮ್ಮ ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳ ನೀರು 200ರ ಗೆರೆ ದಾಟಿದ್ದು.

ಕಲೆಯೂ ಕಲ್ಲೂ ಒಂದೇ ವಸ್ತುವಾದ ಮೇಲೆ ಒಂದನ್ನು ತಿಂದು ಇನ್ನೊಂದನ್ನು ಬಿಡು ಎಂದು ಆ್ಯಸಿಡ್‌ಗೆ ಹೇಳಲಾಗದು. ಲೆಕ್ಕ ಹಾಕಿ ನೋಡಿ. ಟಾಯ್ಲೆಟ್ ಕ್ಲೀನರ್‌ನಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಹೈಡ್ರೊಕ್ಲೋರಿಕ್ ಆಮ್ಲ ಇರುತ್ತದೆ. 73 ಗ್ರಾಂ ಆಮ್ಲ 100 ಗ್ರಾಂ ಕಾರ್ಬೊನೇಟನ್ನು ಕರಗಿಸುತ್ತದೆ. ಅಂದರೆ ಅರ್ಧ ಲೋಟ, ಸುಮಾರು 100 ಮಿಲಿಲೀಟರ್ ಕ್ಲೀನರ್‌ಗೆ 13 ಗ್ರಾಂನಷ್ಟು ಮಾರ್ಬಲ್ ಕರಗಿಸುವ ಶಕ್ತಿ ಇದೆ. ನೊರೆಯಾಗಿ ಕಾಣುವುದು ಕಲ್ಲಿನಿಂದ ಹೊರಬಿದ್ದ ಕಾರ್ಬನ್ ಡೈಆಕ್ಸೈಡ್. ನಿಂಬೆರಸ, ವಿನಿಗರ್, ಹುಣಸೆಹಣ್ಣು ಮಾಡುವುದೂ ಇದೇ ಕೆಲಸ, ನಿಧಾನವಾಗಿ.

ಆ್ಯಸಿಡ್ ಬಿದ್ದಲ್ಲಿ ಉಳಿಯುವ ಮಂಕು ಮಚ್ಚೆಯನ್ನು ಎಷ್ಟು ತೊಳೆದರೂ ಹೋಗದು, ಏಕೆಂದರೆ ಅದು ಕೊಳೆಯಲ್ಲ. ಪಾಲಿಶ್ ಮಾಡಿದ ನುಣುಪು ಮೈ ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಆಮ್ಲ ತಿಂದ ಒರಟು ಮೈ ಅದನ್ನು ನಾಲ್ಕೂ ಕಡೆ ಚೆದುರಿಸುತ್ತದೆ. ಸಣ್ಣ ಮಚ್ಚೆಯಾದರೆ ಮಾರ್ಬಲ್ ಪಾಲಿಶ್ ಪುಡಿಯಿಂದ ತಿಕ್ಕಿ ಸರಿಪಡಿಸಬಹುದು. ದೊಡ್ಡದಾದರೆ ಪಾಲಿಶ್ ಮಾಡುವವರನ್ನೇ ಕರೆಸಬೇಕು.

ಹಾಗಾದರೆ ಕಲ್ಲಿನ ಬೇಸಿನ್ನುಗಳೆಲ್ಲ ಹೀಗೆಯೇ? ಇಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕಪ್ಪು ಶಿಲೆ ಸಿಲಿಕೇಟ್ ಖನಿಜಗಳಿಂದಾದವು. ಮನೆಯ ಹುಳಿ ಅವುಗಳ ಹೊಳಪನ್ನು ಸುಲಭಕ್ಕೆ ಕೆಡಿಸದು. ಆದರೆ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳು. ಕಡಪ ಕಲ್ಲು ಕಪ್ಪಗಿದೆಯೆಂದು ಗ್ರಾನೈಟ್‌ನಂತೆ ನಡೆಸಿಕೊಂಡು ಕೆಡಿಸಿದವರು ಬಹಳ. ಅಂಗಡಿಯ ಹೆಸರನ್ನೂ ನಂಬುವಂತಿಲ್ಲ. ರಾಜಸ್ಥಾನದ ಹಸಿರು ಮಾರ್ಬಲ್ ನಿಜದಲ್ಲಿ ಸರ್ಪೆಂಟೈನ್ ಎಂಬ ಬೇರೆಯೇ ಖನಿಜದ ಶಿಲೆ. ಖಚಿತಪಡಿಸಿಕೊಳ್ಳಲು ಬೇಸಿನ್ನಿನ ಕೆಳಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ಒಂದು ಹನಿ ನಿಂಬೆರಸ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ. ಅಲ್ಲಿ ಮಂಕಾಗಿದ್ದರೆ ಆ ಕಲ್ಲಿಗೆ ಹುಳಿ ಸೋಕಿಸಬಾರದು.

ಗಟ್ಟಿತನದ ಮಾತೂ ಇದೆ. ಮೋಸ್ ಮಾಪಕದಲ್ಲಿ ಮಾರ್ಬಲ್ಲಿನ ಕ್ಯಾಲ್ಸೈಟ್ 3ರಲ್ಲಿದ್ದರೆ, ನೀರಿನ ಜೊತೆ ಬರುವ ಮರಳಿನ ಕಣ 7ರಲ್ಲಿದೆ. ಸ್ಟೀಲ್ ಜುಂಗು, ಪಾತ್ರೆ ತಿಕ್ಕುವ ಪುಡಿ ಎರಡೂ ಗೀರುತ್ತವೆ.

ಇನ್ನು ನಿಜವಾದ ಕಲೆಗಳು: ಅರಿಸಿನ, ಮೆಹಂದಿ, ತಲೆಗೆ ಹಚ್ಚುವ ಎಣ್ಣೆ. ಕಲ್ಲಿನ ಹರಳುಗಳ ನಡುವಿನ ಕೂದಲೆಳೆಗಿಂತ ಸಣ್ಣ ಸಂದುಗಳಿಗೆ ಇವು ಇಳಿಯುತ್ತವೆ. ಮೇಲಿನಿಂದ ಉಜ್ಜಿ ಫಲವಿಲ್ಲ, ಒಳಗಿನಿಂದ ಎಳೆದು ತೆಗೆಯಬೇಕು. ಮಕ್ರಾನಾ ಮಾರ್ಬಲ್ಲಿನ ತಾಜ್ ಮಹಲ್ ಹಳದಿಗಟ್ಟಿದಾಗ ಪುರಾತತ್ವ ಇಲಾಖೆ ಅದರ ಗೋಡೆಗಳಿಗೆ ಮುಲ್ತಾನಿ ಮಿಟ್ಟಿಯ ಲೇಪ ಮೆತ್ತುತ್ತದೆ. ಒಣಗುತ್ತ ಹೋಗುವ ಜೇಡಿ ಕೊಳೆಯನ್ನು ತನ್ನೊಳಗೆ ಹೀರಿಕೊಳ್ಳುತ್ತದೆ, ಆಮೇಲೆ ಶುದ್ಧ ನೀರಿನಲ್ಲಿ ತೊಳೆಯುತ್ತಾರೆ. ಮನೆಯಲ್ಲೂ ಇದು ಸಾಧ್ಯ. ಮುಲ್ತಾನಿ ಮಿಟ್ಟಿಯನ್ನೋ ಅಡುಗೆ ಸೋಡಾವನ್ನೋ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ನಂತರ ಹಾಳೆ ತೆಗೆದು ಪೂರ್ತಿ ಒಣಗಲು ಬಿಟ್ಟು ಒರೆಸಿ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು.

ಕಲ್ಲಿಗೆ ಹಚ್ಚುವ ಸೀಲರ್ ಈ ಸಂದುಗಳ ಒಳಮೈಯನ್ನು ನೀರು ಅಂಟದಂತೆ ಮಾಡುತ್ತದೆ. ಹಾಗಾಗಿ ಎಣ್ಣೆ, ಬಣ್ಣ ಇಳಿಯುವುದು ತಡವಾಗುತ್ತದೆ. ಹುಳಿಯಿಂದ ಅದು ಕಾಪಾಡುವುದಿಲ್ಲ. ಸೀಲರ್ ಹಾಕಿಸಿದ್ದೇವಲ್ಲ ಎಂದು ಆ್ಯಸಿಡ್ ಹಾಕುವವರು ಇದನ್ನು ಗಮನಿಸಬೇಕು. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷದ ನಂತರ ಒರೆಸಿ, ಅಲ್ಲಿ ಕಪ್ಪಾಗಿ ಕಂಡರೆ ಮತ್ತೆ ಸೀಲರ್ ಹಾಕಿಸುವ ಸಮಯ.

ದಿನದ ಆರೈಕೆಗೆ ಮೆತ್ತನೆ ಬಟ್ಟೆ, ಬೆಚ್ಚಗಿನ ನೀರು, ಎರಡು ಹನಿ ಮಕ್ಕಳ ಶಾಂಪೂ ಸಾಕು. ಅದಕ್ಕಿಂತ ಮುಖ್ಯ, ರಾತ್ರಿ ಮಲಗುವ ಮುಂಚೆ ಬೇಸಿನ್ ಒರೆಸಿ ಒಣಗಿಸುವುದು. ಆರುವ ನೀರೇ ಇಲ್ಲದಿದ್ದರೆ ಉಪ್ಪು ಕಟ್ಟುವುದೆಲ್ಲಿಂದ? ಆಗಲೇ ಕಟ್ಟಿದ್ದರೆ ಪ್ಲಾಸ್ಟಿಕ್ ಪಟ್ಟಿಯನ್ನು ಮಟ್ಟಸವಾಗಿ ಹಿಡಿದು ಮೆಲ್ಲಗೆ ಕೆರೆದು ತೆಗೆಯಿರಿ.

ಮನೆಗೆಲಸಕ್ಕೆ ಬರುವವರಿಗೂ ಇದನ್ನು ದಯವಿಟ್ಟು ಹೇಳಿ. ಆ್ಯಸಿಡ್ ಕಲ್ಲಿಗಿಂತ ಮೊದಲು ಅವರ ಕೈ ಸುಡುತ್ತದೆ. ಅದರ ಜೊತೆ ಬ್ಲೀಚ್ ಬೆರೆತರೆ ಏಳುವ ಕ್ಲೋರಿನ್ ಅನಿಲ ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಪ್ರಾಣಕ್ಕೇ ಅಪಾಯ. ಇವೆರಡನ್ನು ಒಂದೇ ಕಪಾಟಿನಲ್ಲಿ ಇಡಬೇಡಿ, ಒಟ್ಟಿಗೆ ಬಳಸಲೂ ಬಿಡಬೇಡಿ.