ಸ್ಟೆಫಿ ಗ್ರಾಫ್: 22 ಕಿರೀಟಗಳು ಮತ್ತು ಉತ್ತರವಿಲ್ಲದ ಒಂದು ಪ್ರಶ್ನೆ

ಒಂದೇ ವರ್ಷದಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ. ಅದರ ಬೆನ್ನಿಗೇ ಒಲಿಂಪಿಕ್ ಚಿನ್ನ. ಟೆನಿಸ್ ಲೋಕ ಇದನ್ನು 'ಗೋಲ್ಡನ್ ಸ್ಲಾಮ್' ಎಂದು ಕರೆಯುತ್ತದೆ. 1988ರಲ್ಲಿ ಪಶ್ಚಿಮ ಜರ್ಮನಿಯ ಸ್ಟೆಫಿ ಗ್ರಾಫ್ ಈ ಸಾಧನೆ ಮಾಡಿದಾಗ ಅವರಿಗೆ ಕೇವಲ 19 ವರ್ಷ. 2021ರಲ್ಲಿ ಗಾಲಿಕುರ್ಚಿ ಟೆನಿಸ್‌ನ ಡೀಡೆ ಡಿ ಗ್ರೂಟ್ ಮತ್ತು ಡೈಲನ್ ಆಲ್ಕಾಟ್ ಇದೇ ಶಿಖರವೇರಿದ್ದನ್ನು ಬಿಟ್ಟರೆ, ಸಿಂಗಲ್ಸ್‌ನಲ್ಲಿ ಬೇರಾರಿಗೂ ಇದು ದಕ್ಕಿಲ್ಲ.

ಇದಕ್ಕೆ ಕಾರಣವೂ ಉಂಟು. 1924ರ ನಂತರ ಟೆನಿಸ್ ಪೂರ್ಣ ಪ್ರಮಾಣದ ಪದಕ ಸ್ಪರ್ಧೆಯಾಗಿ ಒಲಿಂಪಿಕ್ಸ್‌ಗೆ ಮರಳಿದ್ದು 1988ರ ಸೋಲ್ ಕೂಟದಲ್ಲಿ. ಹೀಗಾಗಿ 1953ರಲ್ಲಿ ಮೌರೀನ್ ಕಾನೊಲಿ, 1970ರಲ್ಲಿ ಮಾರ್ಗರೆಟ್ ಕೋರ್ಟ್ ನಾಲ್ಕೂ ಪ್ರಶಸ್ತಿ ಗೆದ್ದರೂ ಚಿನ್ನದ ಅವಕಾಶ ಅವರಿಗಿರಲಿಲ್ಲ. ಈಗಲೂ ಆ ಅವಕಾಶ ಬರುವುದು ನಾಲ್ಕು ವರ್ಷಗಳಿಗೊಮ್ಮೆ ಮಾತ್ರ.

ಮೆಲ್ಬರ್ನ್‌ನಲ್ಲಿ ಕ್ರಿಸ್ ಎವರ್ಟ್, ವಿಂಬಲ್ಡನ್‌ನಲ್ಲಿ ಸತತ ಆರು ವರ್ಷಗಳ ಚಾಂಪಿಯನ್ ಮಾರ್ಟಿನಾ ನವ್ರಾಟಿಲೋವಾ, ನ್ಯೂಯಾರ್ಕ್ ಹಾಗೂ ಸೋಲ್‌ನಲ್ಲಿ ಗೇಬ್ರಿಯೇಲಾ ಸಬಾಟಿನಿ ಆ ವರ್ಷ ಗ್ರಾಫ್‌ಗೆ ಫೈನಲ್‌ನಲ್ಲಿ ಮಣಿದರು. ಪ್ಯಾರಿಸ್‌ನಲ್ಲಿ ನತಾಶಾ ಜ್ವೆರೆವಾ ವಿರುದ್ಧ ಬಂದ ಗೆಲುವು 6-0, 6-0. ಆಟ ಮುಗಿದದ್ದು ಸುಮಾರು ಅರ್ಧ ಗಂಟೆಯಲ್ಲಿ.

ಈ ಯಶಸ್ಸಿನ ಗುಟ್ಟು ಮಿಂಚಿನಂಥ ಕಾಲ್ಚಳಕ. ಎಡಬದಿಗೆ ಬಂದ ಚೆಂಡನ್ನೂ ಓಡಿ ಸುತ್ತಿಕೊಂಡು ತಮ್ಮ ಪ್ರಬಲ ಫೋರ್‌ಹ್ಯಾಂಡ್‌ನಿಂದಲೇ ಅವರು ಬಾರಿಸುತ್ತಿದ್ದರು. ಬ್ಯಾಕ್‌ಹ್ಯಾಂಡ್ ಸ್ಲೈಸ್ ಹೊಡೆತದಲ್ಲಿ ಚೆಂಡು ಪುಟಿಯದೆ ನೆಲಕ್ಕೇ ಅಂಟಿದಂತೆ ಜಾರುತ್ತಿತ್ತು. ಹುಲ್ಲು, ಆವೆಮಣ್ಣು, ಗಟ್ಟಿ ಅಂಕಣ ಯಾವುದಾದರೂ ಅವರ ಆಟ ಹೊಂದಿಕೊಳ್ಳುತ್ತಿತ್ತು. ವಿಂಬಲ್ಡನ್ 7, ಫ್ರೆಂಚ್ ಓಪನ್ 6, ಅಮೆರಿಕ ಓಪನ್ 5, ಆಸ್ಟ್ರೇಲಿಯಾ ಓಪನ್ 4, ಹೀಗೆ ಒಟ್ಟು 22. ನಾಲ್ಕೂ ಟೂರ್ನಿಗಳ ಸಿಂಗಲ್ಸ್ ಪ್ರಶಸ್ತಿಯನ್ನು ತಲಾ ನಾಲ್ಕು ಬಾರಿಯಾದರೂ ಗೆದ್ದವರು ಗ್ರಾಫ್ ಒಬ್ಬರೇ. ಒಟ್ಟು 107 ಸಿಂಗಲ್ಸ್ ಪ್ರಶಸ್ತಿ, 377 ವಾರಗಳ ಅಗ್ರಪಟ್ಟ ಅವರ ಹೆಸರಿನಲ್ಲಿವೆ.

ಆದರೆ ಈ ಅಂಕಿಗಳ ನಡುವೆ ಒಂದು ಕಹಿ ನೆನಪಿದೆ. 1991ರ ಮಾರ್ಚ್‌ನಲ್ಲಿ ಗ್ರಾಫ್ ಅವರಿಂದ ಅಗ್ರಪಟ್ಟ ಕಸಿದುಕೊಂಡವರು ಮೋನಿಕಾ ಸೆಲೆಸ್. 1993ರ ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ ಪಂದ್ಯದ ವಿರಾಮದ ವೇಳೆ ಕುಳಿತಿದ್ದ ಸೆಲೆಸ್ ಬೆನ್ನಿಗೆ ಗ್ರಾಫ್‌ನ ಹುಚ್ಚು ಅಭಿಮಾನಿಯೊಬ್ಬ ಚಾಕುವಿನಿಂದ ಇರಿದ. 19ರ ಹರೆಯದಲ್ಲೇ ಎಂಟು ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದ ಸೆಲೆಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಅಂಕಣದಿಂದ ದೂರ ಉಳಿದರು. ಅದಕ್ಕೆ ಮೊದಲು ಇಬ್ಬರೂ ಎದುರಾದ ನಾಲ್ಕು ಗ್ರ್ಯಾಂಡ್ ಸ್ಲಾಮ್ ಫೈನಲ್‌ಗಳಲ್ಲಿ ಮೂರು ಸೆಲೆಸ್ ಪಾಲಾಗಿದ್ದವು.

ಗ್ರಾಫ್‌ರ 22 ಪ್ರಶಸ್ತಿಗಳಲ್ಲಿ 11 ಈ ಘಟನೆಗೆ ಮೊದಲಿನವು, 11 ನಂತರದವು. ಸೆಲೆಸ್ ಆಡುತ್ತಿದ್ದರೆ ಎರಡನೆಯ ಲೆಕ್ಕ ಎಷ್ಟಾಗುತ್ತಿತ್ತು? ಇದಕ್ಕೆ ಯಾವ ಅಂಕಿಅಂಶವೂ ಉತ್ತರ ಹೇಳದು. ಆ ಕೃತ್ಯದಲ್ಲಿ ಗ್ರಾಫ್ ತಪ್ಪೇನೂ ಇರಲಿಲ್ಲ. ಅವರು ಆಸ್ಪತ್ರೆಗೆ ತೆರಳಿ ಎದುರಾಳಿಯನ್ನು ಕಂಡು ಬಂದಿದ್ದರು. ಸೆಲೆಸ್ ಮರಳಿದ ಮೇಲೆ 1995 ಮತ್ತು 1996ರ ಅಮೆರಿಕ ಓಪನ್ ಫೈನಲ್‌ಗಳಲ್ಲಿ ಗೆದ್ದವರೂ ಗ್ರಾಫ್ ಅವರೇ. ಆದರೆ ಮರಳಿ ಬಂದ ಸೆಲೆಸ್ ಹಿಂದಿನ ಸೆಲೆಸ್ ಆಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ಗ್ರಾಫ್ ಕಥೆ ಮುಗಿಯಿತೆಂದೇ ಹಲವರು ಭಾವಿಸಿದ್ದರು. 1999ರ ಫ್ರೆಂಚ್ ಓಪನ್‌ನಲ್ಲಿ, 30 ತುಂಬಲು ಕೆಲವೇ ದಿನಗಳಿದ್ದಾಗ, ಅವರು ಲಿಂಡ್ಸೆ ಡೆವನ್‌ಪೋರ್ಟ್, ಸೆಲೆಸ್ ಹಾಗೂ ಅಗ್ರಕ್ರಮಾಂಕದ ಮಾರ್ಟಿನಾ ಹಿಂಗಿಸ್ ಅವರನ್ನು ಸಾಲಾಗಿ ಸೋಲಿಸಿ ಕಿರೀಟ ಧರಿಸಿದರು. ಅದೇ ಆಗಸ್ಟ್‌ನಲ್ಲಿ ಆಟಕ್ಕೆ ವಿದಾಯ ಹೇಳಿದರು.

ಪ್ರಶಸ್ತಿಗಳ ಲೆಕ್ಕದಲ್ಲಿ 24 ಗೆದ್ದ ಕೋರ್ಟ್, 23 ಗೆದ್ದ ಸೆರೆನಾ ವಿಲಿಯಮ್ಸ್ ಗ್ರಾಫ್‌ಗಿಂತ ಮುಂದಿದ್ದಾರೆ. ಆದರೆ 1988ರ ಆ ಒಂದು ವರ್ಷವನ್ನು ಅವರಿಬ್ಬರೂ ಮುಟ್ಟಲಿಲ್ಲ. ಹ್ಯಾಂಬರ್ಗ್‌ನ ನೆರಳು ಬೀಳದ ವರ್ಷವೂ ಅದೇ.