ನಿಮಗಿದು ಗೊತ್ತೆ? ಕೋಳಿ ಕೂರುವ ಮೊದಲೇ ಮೊಟ್ಟೆಗೆ ಕಾವು!

ಮೊಟ್ಟೆಯೊಳಗಿನ ಜೀವ ಮಿಸುಕಲು ಕೋಳಿಯೇ ಬಂದು ಕೂರಬೇಕೆಂದಿಲ್ಲ. ಹುಂಜದ ಜೊತೆಗಿದ್ದ ಕೋಳಿಯ ಮೊಟ್ಟೆ ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿನ ಜಾಗದಲ್ಲಿದ್ದರೆ ಭ್ರೂಣ ನಿಧಾನವಾಗಿ ಬೆಳೆಯತೊಡಗುತ್ತದೆ. ಹೊಸಪೇಟೆ–ಬಳ್ಳಾರಿ ಹಾದಿಯ ಗಾದಿಗನೂರಿನಂಥ ಊರುಗಳಲ್ಲಿ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬುಟ್ಟಿಯಲ್ಲಿ ಬಹಳ ದಿನ ಕೂಡಿಟ್ಟ ಮೊಟ್ಟೆಗಳೊಳಗೆ ಭ್ರೂಣ ಅರೆಬರೆ ಬೆಳೆದು, ಸೊರಗಿ ಸಾಯುತ್ತದೆ. ಕೋಳಿ 21 ದಿನ ಬಿಡದೆ ಕೂತರೂ ಬೇಸಿಗೆಯಲ್ಲಿ ಮರಿ ಕಡಿಮೆಯಾಗಲು ಇದೊಂದು ದೊಡ್ಡ ಕಾರಣ. ಪಾಪ, ತಪ್ಪು ಕೋಳಿಯದಲ್ಲ.

ಕೋಳಿಯ ಬದಲು ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಕಾವು ಕೊಡುವುದಾದರೆ 37.5 ಡಿಗ್ರಿ ಶಾಖ ಬೇಕು. ಮೊದಲ 18 ದಿನ, ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಹೊರಳಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ತಾಯಿಕೋಳಿ ಈ ಕೆಲಸವನ್ನು ಕೊಕ್ಕಿನಿಂದ ಮಾಡುತ್ತಲೇ ಇರುತ್ತದೆ, ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ! ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ: ಕೆಂಪು ನರಗಳ ಬಲೆ ಕಂಡರೆ ಜೀವವಿದೆ. ಕೊನೆಯ ಮೂರು ದಿನ ಹೊರಳಿಸುವಂತಿಲ್ಲ, ಒಳಗೆ ನೀರಿನ ತಟ್ಟೆಯಿಟ್ಟು ತೇವ ಹೆಚ್ಚಿಸಬೇಕು.

ಮರಿ ಚಿಪ್ಪು ಒಡೆಯಲು ಹಲವು ಗಂಟೆ ಹಿಡಿಯುತ್ತದೆ. ಅವಸರದಿಂದ ಸುಲಿದರೆ ರಕ್ತ ಸೋರಿ ಸಾಯಬಹುದು. ಹೊರಬಂದ ಮರಿಯ ಹೊಟ್ಟೆಯಲ್ಲಿ ಹಳದಿ ಭಾಗದ ಆಹಾರ ಉಳಿದಿರುವುದರಿಂದ ಒಂದೆರಡು ದಿನ ಮೇವಿಲ್ಲದೆಯೂ ಅದು ಬದುಕುತ್ತದೆ.

ಈ ಬೇಸಿಗೆ ಮರಿ ಮಾಡಿಸುವವರು ಮೊಟ್ಟೆಯನ್ನು ಮನೆಯ ಅತಿ ತಂಪಾದ ಮೂಲೆಯಲ್ಲಿಟ್ಟು, ವಾರದೊಳಗೆ ಕಾವಿಗಿಡಿ.